ಮರಗೆಲಸದ ಮೇಷ್ಟ್ರಿಗೆ ಯಾವ ವೈನ್ ಕೊಡೋಣ?

ಪ್ರಶ್ನೆ: ನಾವು ಐದಾರು ಜನ ಭಾನುವಾರ ಒಂದೇ ಶೆಡ್‌ನಲ್ಲಿ ಸೇರಿ ಮರಗೆಲಸ ಮಾಡುತ್ತೇವೆ. ನಮಗೆಲ್ಲ ಉಳಿ ಹಿಡಿಯೋದು ಕಲಿಸಿದವರಿಗೆ ಜನವರಿಯಲ್ಲಿ ಅರವತ್ತು ತುಂಬುತ್ತದೆ. ಹತಾರ ಕೊಡೋಣ ಅಂದರೆ ಅವರ ಹತ್ತಿರ ಇಲ್ಲದ್ದೇ ಇಲ್ಲ. ವೈನ್ ಅಂದರೆ ಇಷ್ಟ. ಮರಗೆಲಸಕ್ಕೆ ನಂಟಿರುವ ಹೆಸರಿನ ವೈನ್ ಇದೆಯಾ? ಕುಡಿದು ನೋಡಿದವರು ಹೇಳಿ.

ಕೇಪ್ ಟೌನ್‌ನಿಂದ: ಇದೆ ಸರ್, ಬೂಕನ್‌ಹೌಟ್ಸ್‌ಕ್ಲೂಫ್. ನಾಲಿಗೆ ತಿರುಗದಿದ್ದರೆ ‘ಏಳು ಕುರ್ಚಿಯ ಲೇಬಲ್’ ಅನ್ನಿ, ಇಲ್ಲಿನ ಅಂಗಡಿಯವರಿಗೆ ಗೊತ್ತಾಗುತ್ತದೆ. ಫ್ರಾನ್ಸ್‌ಹುಕ್ ಕಣಿವೆಯ ತೋಟ ಅದು, 1776ರಷ್ಟು ಹಳೆಯದು. ಹೆಸರು ಬಂದಿದ್ದು ಬೂಕನ್‌ಹೌಟ್ ಅನ್ನುವ ಮರದಿಂದ. ಪೀಠೋಪಕರಣಕ್ಕೆ ಹೆಸರಾದ ಮರ. 1993ರಲ್ಲಿ ಏಳು ಜನ ಪಾಲುದಾರರು ತೋಟ ಕೊಂಡರು, ಅದಕ್ಕೇ ಏಳು ಕುರ್ಚಿ. 18ನೇ ಶತಮಾನದ ಕುರ್ಚಿ ಮಾಡುವವರಿಗೆ ಗೌರವವೂ ಹೌದು. ಇಲ್ಲಿ ಮರಗೆಲಸದ ಗೆಳೆಯರ ಮುಂದೆ ಒಮ್ಮೆ ಇಟ್ಟೆ. ಬಿರಡೆ ತೆಗೆಯುವವರೇ ಇಲ್ಲ! ಬಾಟಲಿ ತಿರುಗಿಸಿ ತಿರುಗಿಸಿ ಕುರ್ಚಿಯ ಕಾಲು, ಬೆನ್ನು ನೋಡುತ್ತಾ ‘ಇದನ್ನ ಹೇಗೆ ಕೂಡಿಸಿರಬಹುದು’ ಅಂತ ಜಗಳ. ಅವರ ಸಿರಾ ತಗೊಳ್ಳಿ, ಅದೇ ಹೆಸರಿನ ದ್ರಾಕ್ಷಿಯ ಕೆಂಪು ವೈನ್. ಅದೇ ತೋಟದವರ ‘ಚಾಕೊಲೇಟ್ ಬ್ಲಾಕ್’ ಅನ್ನುವ ವೈನ್ ಕೂಡ ಚೆನ್ನಾಗಿದೆ, ಆದರೆ ಅದರ ಮೇಲೆ ಕುರ್ಚಿ ಇಲ್ಲ.

ದೊಡ್ಡಬಳ್ಳಾಪುರದಿಂದ: ಹೆಸರಿಗಿಂತ ಪೀಪಾಯಿ ನೋಡಿ ಅಂತೀನಿ. ನಮ್ಮ ಕಡೆಯ ಗ್ರೋವರ್ ವೈನ್ ಕಂಪನಿಯವರ ಲಾ ರಿಸರ್ವ್ ಫ್ರೆಂಚ್ ಓಕ್ ಮರದ ಪೀಪಾಯಿಯಲ್ಲಿ ಇಟ್ಟ ವೈನ್. ಪೀಪಾಯಿ ಅಂದರೆ ಸುಮ್ನೆ ಅಲ್ಲ. 225 ಲೀಟರ್ ಹಿಡಿಯುತ್ತೆ, ಹಲಗೆಗಳ ನಡುವೆ ಒಂದು ಹನಿ ಗೋಂದಿಲ್ಲ. ಪ್ರತಿ ಹಲಗೆಯ ಅಂಚನ್ನೂ ಓರೆಯಾಗಿ ಕೀಸಿ, ಬೆಂಕಿಯ ಕಾವಿನಲ್ಲಿ ಬಗ್ಗಿಸಿ, ಕಬ್ಬಿಣದ ಪಟ್ಟಿ ಬಿಗಿಯುತ್ತಾರೆ. ಫ್ರೆಂಚ್ ಓಕ್ ಆದರೆ ಗರಗಸ ಹಾಕದೆ ಎಳೆ ಹೋದ ಹಾಗೇ ಸೀಳಬೇಕು. ಅಡ್ಡ ಕೊಯ್ದರೆ ಎಳೆಯ ಉದ್ದಕ್ಕೂ ಸೋರುತ್ತೆ. ಅಮೆರಿಕದ ಬಿಳಿ ಓಕ್‌ನಲ್ಲಿ ರಂಧ್ರಗಳು ತಾವಾಗಿಯೇ ಮುಚ್ಚಿಕೊಂಡಿರುತ್ತವೆ, ಅದನ್ನು ಕೊಯ್ಯಬಹುದು. ಈ ಮಾತು ತೆಗೆದರೆ ನಿಮ್ಮ ಮೇಷ್ಟ್ರು ಲೋಟ ಕೆಳಗಿಟ್ಟು ಕೇಳ್ತಾರೆ.

ಶಿರಸಿಯಿಂದ: ಮರ ವೈನಿಗೆ ಏನು ಮಾಡುತ್ತೆ ಅನ್ನುವವರಿಗೆ ನಾನು ಹೊನ್ನೆ ಮರದ ಲೋಟ ತೋರಿಸುತ್ತೇನೆ. ರಾತ್ರಿ ನೀರು ತುಂಬಿಡಿ, ಬೆಳಿಗ್ಗೆ ಬಣ್ಣವೇ ಬೇರೆ. ಓಕ್ ಕೂಡ ಹಾಗೇ ತನ್ನ ರುಚಿಯನ್ನ ವೈನಿಗೆ ಬಿಡುತ್ತೆ, ನಿಧಾನಕ್ಕೆ. ನನ್ನ ಬಾಯಿಗೆ ಓಕ್ ಜಾಸ್ತಿಯಾದ ವೈನ್ ಹಲಗೆ ನೆಕ್ಕಿದ ಹಾಗಿರುತ್ತೆ, ಆದರೆ ಬಡಗಿಗಳು ಅದನ್ನೇ ಮೆಚ್ಚುತ್ತಾರೆ ಅಲ್ವಾ!

ಮೈಸೂರಿನಿಂದ: ಎರಡು ಮಾತು. ವಿದೇಶದಿಂದ ಬರುವ ಪ್ರಯಾಣಿಕರು ಸುಂಕವಿಲ್ಲದೆ ತಲಾ 2 ಲೀಟರ್ ತರಬಹುದು. 750 ಮಿಲೀ ಬಾಟಲಿ ಎರಡಕ್ಕೆ ತೊಂದರೆ ಇಲ್ಲ. ಮತ್ತೆ, ಮೋಟಾರ್ ಗರಗಸದ ಪ್ಲಗ್ ಕಿತ್ತ ಮೇಲೆಯೇ ಬಾಟಲಿ ತೆರೆಯಿರಿ. ಒಂದು ಲೋಟ ಆದಮೇಲೆ ‘ಇದೊಂದು ತುಂಡು ಕೊಯ್ದು ಬಿಡ್ತೀನಿ’ ಅನ್ನುವವರನ್ನು ನಾನು ಬಹಳ ನೋಡಿದ್ದೇನೆ.

ಕೇಳಿದವರಿಂದ: ಎಲ್ಲರಿಗೂ ಥ್ಯಾಂಕ್ಸ್. ಲಾ ರಿಸರ್ವ್ ಈ ವಾರವೇ ತರುತ್ತೇನೆ. ಕೇಪ್ ಟೌನ್ ಸರ್, ಡಿಸೆಂಬರ್‌ನಲ್ಲಿ ಊರಿಗೆ ಬರ್ತೀರಾ?