ಅಡಿಕೆ ಸುಲಿತದ ವಿಡಿಯೊ: ಹೊಸ ಕ್ಯಾಮೆರಾ ಕೊಳ್ಳಬೇಕೋ, ಇರುವುದರಲ್ಲೇ ತಿದ್ದಿಕೊಳ್ಳಬೇಕೋ?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರ ಮನೆಯವನು. ಕೊನೆ ಕೊಯ್ಲಿನಿಂದ (ಅಡಿಕೆ ಗೊನೆ ಇಳಿಸುವುದರಿಂದ) ಹಿಡಿದು ಸುಲಿಯುವುದು, ಬೇಯಿಸುವುದು, ಒಣಗಿಸುವುದರವರೆಗಿನ ಕೆಲಸಗಳನ್ನೂ, ಅವುಗಳನ್ನು ಬಲ್ಲ ಹಿರಿಯರ ಮಾತುಗಳನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿ ಒಂದು ವರ್ಷದಿಂದ ಯೂಟ್ಯೂಬಿಗೆ ಹಾಕುತ್ತಿದ್ದೇನೆ. ಇತ್ತೀಚೆಗೆ ನೆರೆಮನೆಯ ಅಜ್ಜಿಯೊಬ್ಬರು ರಾತ್ರಿ ಜಗಲಿಯಲ್ಲಿ ಮೆಟ್ಟುಗತ್ತಿಯ (ಕಾಲಿನಿಂದ ಮೆಟ್ಟಿ ಹಿಡಿಯುವ ಕತ್ತಿಯ) ಮುಂದೆ ಕುಳಿತು ಅಡಿಕೆ ಸುಲಿಯುತ್ತ ಹೇಳಿದ ಮಾತುಗಳನ್ನು ಎಂಟು ನಿಮಿಷದ ವಿಡಿಯೊ ಮಾಡಿ ಹಾಕಿದೆ. ಮಾತು ಬಹಳ ಬೆಲೆಯುಳ್ಳದ್ದು, ಆದರೆ ವಿಡಿಯೊ ನನಗೇ ಒಪ್ಪಿಗೆಯಾಗಲಿಲ್ಲ.

ಅಜ್ಜಿಯ ದನಿ ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ತೆಗೆದ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಮೆಲ್ಲನೆ ಸರಿಯುತ್ತವೆ. ಇನ್ನೊಂದು ಮೊಬೈಲಿನಲ್ಲಿ ಮುದ್ರಿಸಿದ ಧ್ವನಿಯನ್ನು ಜೋಡಿಸಲು ಹೋದರೆ, ಮೊದಲು ಸರಿಯಾಗಿ ಕೂತದ್ದು ಐದಾರು ನಿಮಿಷ ಕಳೆಯುವಷ್ಟರಲ್ಲಿ ತುಟಿಯ ಚಲನೆಯಿಂದ ಬೇರೆಯಾಗುತ್ತದೆ. ನೋಡುವವರಲ್ಲಿ ಹೆಚ್ಚಿನವರು ಮೊದಲ ನಿಮಿಷದೊಳಗೇ ಹೊರಟುಹೋಗಿರುವುದು ಗ್ರಾಫಿನಲ್ಲಿ ಕಾಣುತ್ತಿದೆ. ನನ್ನ ಬಳಿ ಇಪ್ಪತ್ತೈದು ಸಾವಿರ ರೂಪಾಯಿ ಇದೆ. ಇದನ್ನು ಕ್ಯಾಮೆರಾಕ್ಕೆ ಹಾಕಲೇ, ಹಣ ಕೊಟ್ಟು ಕೊಳ್ಳುವ ಎಡಿಟಿಂಗ್ ತಂತ್ರಾಂಶಕ್ಕೆ ಹಾಕಲೇ, ತರಬೇತಿಗೆ ಹಾಕಲೇ? ಅನುಭವಿಗಳು ದಯವಿಟ್ಟು ತಿಳಿಸಿ.

ಬಾನುಲಿ_ಕಿವಿ:

ನಿಮ್ಮ ವಿಡಿಯೊವನ್ನು ಎರಡು ಬಾರಿ ಕೇಳಿದೆ. ಬಾನುಲಿಯಲ್ಲಿ ಧ್ವನಿಮುದ್ರಣದ ಕೆಲಸ ಮಾಡಿ ನಿವೃತ್ತನಾದವನಾದ್ದರಿಂದ ನನಗೆ ಕೇಳುವುದೇ ಮೊದಲು. ಕ್ಯಾಮೆರಾ ಕೊಳ್ಳಬೇಡಿ. ಮಸುಕಾದ ಚಿತ್ರವನ್ನು ಜನ ಸಹಿಸಿಕೊಂಡು ನೋಡುತ್ತಾರೆ, ಆದರೆ ಅರ್ಥವಾಗದ ಮಾತನ್ನು ಕಿವಿಗೊಟ್ಟು ಕೇಳುವ ಶ್ರಮವನ್ನು ಯಾರೂ ಪಡುವುದಿಲ್ಲ.

ತೊಂದರೆ ಇರುವುದು ದೂರದಲ್ಲಿ. ಮಾತಾಡುವವರಿಂದ ಮೈಕಿಗೆ ಇರುವ ಅಂತರ ಎರಡರಷ್ಟಾದಾಗಲೆಲ್ಲ ನೇರವಾಗಿ ತಲುಪುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಆದರೆ ಗೋಡೆಗೂ ಮಾಡಿಗೂ ಬಡಿದು ಮರಳುವ ಸದ್ದು ಅಷ್ಟಾಗಿ ಇಳಿಯುವುದಿಲ್ಲ. ನಿಮಗೆ ಕೇಳಿಸಿದ ಬಾವಿಯ ದನಿ ಇದೇ. ಆದ್ದರಿಂದ ಬಟ್ಟೆಗೆ ಸಿಕ್ಕಿಸುವ ಸಣ್ಣ ಕಾಲರ್ ಮೈಕೊಂದನ್ನು ಕೊಂಡು, ಗಲ್ಲದಿಂದ ಒಂದು ಗೇಣು ಕೆಳಗೆ, ಸೆರಗು ಹಾದುಹೋಗದ ಬದಿಯಲ್ಲಿ ಸಿಕ್ಕಿಸಿ. ಸೆರಗಿನಡಿಯಲ್ಲಿ ಬಚ್ಚಿಟ್ಟರೆ ಅಜ್ಜಿ ಕೈ ಆಡಿಸಿದಾಗಲೆಲ್ಲ ಬಟ್ಟೆ ಉಜ್ಜುವ ಸದ್ದು ಬರುತ್ತದೆ. ಅದನ್ನು ಆಮೇಲೆ ಯಾವ ತಂತ್ರಾಂಶವೂ ಪೂರ್ತಿಯಾಗಿ ತೆಗೆಯಲಾರದು.

ಮುದ್ರಣದ ಮಟ್ಟವನ್ನು ಮಾತಿಗಷ್ಟೇ ನೋಡಿ ನಿಗದಿ ಮಾಡಬೇಡಿ, ಕತ್ತಿಗೆ ಅಡಿಕೆ ತಾಗುವ ಸದ್ದಿನ ಏಟು ಮಾತಿಗಿಂತ ಜೋರಾಗಿರುತ್ತದೆ. ಮಾತಿನ ಏರು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಕತ್ತಿಯ ಸದ್ದಿಗೂ ಜಾಗ ಉಳಿಯುತ್ತದೆ. ಈ ಅಳತೆಯ ಮೇಲ್ಮಿತಿಯಾದ ಸೊನ್ನೆಯನ್ನು ದಾಟಿ ಒಡೆದ ಧ್ವನಿಯನ್ನು ಮತ್ತೆ ಸರಿಪಡಿಸುವುದು ಕಷ್ಟ. ಕೆಲಸ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಲು ಕೇಳಿಕೊಂಡು ಜಗಲಿಯ ಬರಿಯ ಸದ್ದನ್ನು, ಎಂದರೆ ಜೀರುಂಡೆ, ದೂರದ ನಾಯಿ, ಕೊಟ್ಟಿಗೆಯ ಗಂಟೆಯನ್ನು, ಒಂದು ನಿಮಿಷ ಮುದ್ರಿಸಿಟ್ಟುಕೊಳ್ಳಿ. ಮಾತನ್ನು ಕತ್ತರಿಸಿದ ಕಡೆಗಳಲ್ಲಿ ಅದನ್ನು ಅಡಿಗೆ ಹಾಸಿದರೆ ಕತ್ತರಿಸಿದ್ದು ಕಿವಿಗೆ ಗೊತ್ತಾಗುವುದಿಲ್ಲ.

ಹಿನ್ನೆಲೆಗೆ ನೀವು ಹಾಕಿರುವ ಕೊಳಲಿನ ಸಂಗೀತವನ್ನು ತೆಗೆದುಬಿಡಿ. ಅಜ್ಜಿಯ ದನಿಗೂ ಕತ್ತಿಯ ಲಯಕ್ಕೂ ನಡುವೆ ಅದಕ್ಕೆ ಕೆಲಸವೇ ಇಲ್ಲ. ಇನ್ನು ಕೊನೆಯ ಹಂತದ ಒಟ್ಟು ಮಟ್ಟದ ಮಾತು. ಯೂಟ್ಯೂಬ್ ಸುಮಾರು ಮೈನಸ್ 14 ಲಫ್ಸ್‌ಗಿಂತ (ಲಫ್ಸ್ ಎಂದರೆ ಕಿವಿಗೆ ಕೇಳುವ ಒಟ್ಟು ಜೋರಿನ ಅಳತೆ) ಜೋರಾದದ್ದನ್ನು ತಾನೇ ತಗ್ಗಿಸುತ್ತದೆಯೇ ಹೊರತು ಮೆದುವಾದದ್ದನ್ನು ಏರಿಸಿಕೊಡುವುದಿಲ್ಲ. ನಿಮ್ಮದು ಬಹಳ ಮೆದುವಾಗಿದೆ.

ಕತ್ತರಿ_ಹುಬ್ಬಳ್ಳಿ:

ಹಿರಿಯರು ಧ್ವನಿಯ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಎಡಿಟಿಂಗಿನಿಂದಲೇ ಸಂಸಾರ ನಡೆಸುವವನಾಗಿ ಉಳಿದದ್ದನ್ನು ನಾನು ಹೇಳುತ್ತೇನೆ.

ಕಪ್ಪು ಪಟ್ಟಿಗಳು ನಿಮ್ಮ ಮೊಬೈಲಿನ ದೋಷವಲ್ಲ. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಮೊಬೈಲು ತನ್ನಿಷ್ಟಕ್ಕೆ ಶಟರನ್ನು, ಎಂದರೆ ಒಂದೊಂದು ಫ್ರೇಮಿಗೂ (ಬಿಡಿ ಚಿತ್ರಕ್ಕೂ) ಬೆಳಕು ತೆಗೆದುಕೊಳ್ಳುವ ಹೊತ್ತನ್ನು, ಆರಿಸಿಕೊಂಡಾಗ ಈ ಲಯಕ್ಕೆ ಹೊಂದುವುದಿಲ್ಲ. ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಸೆಕೆಂಡು ಎಂದು ಕೈಯಾರೆ ನಿಗದಿ ಮಾಡಿದರೆ ಪಟ್ಟಿ ಮಾಯವಾಗುತ್ತದೆ. ಹಾಗೆ ನಿಗದಿ ಮಾಡಲು ಬಿಡುವ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂಥ ಉಚಿತ ಆ್ಯಪ್‌ಗಳಿವೆ, ನಿಮ್ಮ ಮೊಬೈಲಿಗೆ ಸಿಗುತ್ತದೆಯೇ ನೋಡಿ. ತುಟಿ ಮತ್ತು ದನಿ ಬೇರೆಯಾಗುವುದಕ್ಕೂ ಬೇರುಗಳು ಹೆಚ್ಚಾಗಿ ಮೊಬೈಲಿನ ಈ ತನ್ನಿಷ್ಟದ ನಡೆಯಲ್ಲೇ ಇರುತ್ತವೆ. ಮೊಬೈಲು ಫ್ರೇಮುಗಳ ಗತಿಯನ್ನು ಒಂದೇ ಸಮನೆ ಇಡದೆ ಏರಿಳಿಸುತ್ತದೆ. ಈಗಾಗಲೇ ತೆಗೆದಿರುವ ಫೈಲುಗಳನ್ನು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ಗತಿಗೆ ಬದಲಿಸಿಕೊಂಡು, ಆಮೇಲೆ ಎಡಿಟಿಂಗಿಗೆ ತನ್ನಿ. ತಂತ್ರಾಂಶಕ್ಕೂ ಹಣ ಬೇಡ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ನಿಮ್ಮ ಕೆಲಸಕ್ಕೆ ಧಾರಾಳವಾಯಿತು. ಲ್ಯಾಪ್‌ಟಾಪ್ ತಡವರಿಸಿದರೆ ಪ್ರಾಕ್ಸಿ, ಎಂದರೆ ಎಡಿಟಿಂಗಿಗಷ್ಟೇ ಬಳಸುವ ಹಗುರವಾದ ಪ್ರತಿ, ಮಾಡಿಕೊಳ್ಳಿ.

ಇವೆಲ್ಲ ಒಂದು ವಾರದಲ್ಲಿ ಕೈಗೆ ಹತ್ತುವ ವಿಷಯಗಳು. ಹತ್ತದೆ ಉಳಿಯುವುದು ಜೋಡಣೆ. ನಿಮ್ಮ ವಿಡಿಯೊದ ಮೊದಲ ಐವತ್ತು ಸೆಕೆಂಡುಗಳಲ್ಲಿ ತಿರುಗುವ ಲಾಂಛನ, ಸ್ವಾಗತ, ಮೇಲಿನಿಂದ ಕಾಣುವ ತೋಟ ಇವೆಯೇ ವಿನಾ ಅಜ್ಜಿ ಇಲ್ಲ. ನೋಡಬಂದವರು ಅಡಿಕೆ ಸುಲಿಯುವುದನ್ನು ಕಾಣಲು ಬಂದವರು, ಅವರಿಗೆ ಮೊದಲ ಚಿತ್ರದಲ್ಲೇ ಕತ್ತಿ, ಕೈ, ಸಿಪ್ಪೆ ಸಿಗಲಿ. ಮುಂದಿನ ಸಲ ಮಾತು ಮುಗಿದ ಮೇಲೆ ಅಜ್ಜಿಯನ್ನು ಇನ್ನೂ ಹತ್ತು ನಿಮಿಷ ಸುಮ್ಮನೆ ಸುಲಿಯಲು ಕೇಳಿಕೊಂಡು, ಇಡೀ ಜಗಲಿಯನ್ನು ದೂರದಿಂದ, ಅವರನ್ನು ಸೊಂಟದಿಂದ ಮೇಲಕ್ಕೆ, ಬೆರಳುಗಳನ್ನು ತೀರ ಹತ್ತಿರದಿಂದ, ಬುಟ್ಟಿಗೆ ಬೀಳುವ ಅಡಿಕೆಯನ್ನು, ಹೀಗೆ ಬೇರೆ ಬೇರೆಯಾಗಿ ತೆಗೆದಿಟ್ಟುಕೊಳ್ಳಿ. ಮಾತನ್ನು ಚಿಕ್ಕದು ಮಾಡಿದ ಕಡೆ ಮುಖ ಹಾರದಂತೆ ಈ ಚಿತ್ರಗಳು ಕಾಯುತ್ತವೆ. ಮುಂದಿನ ತುಣುಕಿನ ಮಾತು ಚಿತ್ರಕ್ಕಿಂತ ಒಂದು ಗಳಿಗೆ ಮೊದಲೇ ಆರಂಭವಾದರೆ ಕಣ್ಣು ತಾನಾಗಿ ಆ ಕಡೆ ತಿರುಗುತ್ತದೆ. ತುಣುಕುಗಳನ್ನು ಜೋಡಿಸುವ ಟೈಮ್‌ಲೈನಿನಲ್ಲಿ ಕಾಣುವ ಇಂಗ್ಲಿಷ್ ಜೆ ಅಕ್ಷರದ ಆಕಾರದಿಂದ ಇದಕ್ಕೆ ಜೆ ಕಟ್ ಎನ್ನುತ್ತೇವೆ.

ಒಂದು ಕಡೆ ಮಾತ್ರ ನಿಮ್ಮೊಂದಿಗೆ ಜಗಳವಿದೆ. ನಾಲ್ಕನೇ ನಿಮಿಷದಲ್ಲಿ ಅಜ್ಜಿ, "ಈ ಕತ್ತಿ ನಮ್ಮ ಅತ್ತೆದು" ಎನ್ನುತ್ತಾರೆ, ಮರುಕ್ಷಣ ಚಿತ್ರ ಹಾರಿ ಅಡಿಕೆಯ ಧಾರಣೆಯ ಮಾತು ಬರುತ್ತದೆ. ಅಲ್ಲಿ ಅವರು ಸುಮ್ಮನಾಗಿರಬೇಕು, ನೀವು ಅದನ್ನು ಖಾಲಿ ಜಾಗವೆಂದು ತೆಗೆದಿರಬೇಕು. ಚುರುಕಾಗಿರಬೇಕೆಂದು ಪ್ರತಿ ಮೌನವನ್ನೂ ಕತ್ತರಿಸುವ ರೂಢಿ ಈಗ ಎಲ್ಲೆಡೆ ಇದೆ, ಆದರೆ ಹಿರಿಯರ ಮಾತನ್ನು ದಾಖಲಿಸುವವರಿಗೆ ಅದು ಸಲ್ಲದು.

ತೋಟದಮನೆ:

ಇಬ್ಬರಿಗೂ ತುಂಬಾ ಕೃತಜ್ಞ. ಹಳೆಯ ಫೈಲನ್ನು ಸ್ಥಿರ ಗತಿಗೆ ಬದಲಿಸಿದ ಮೇಲೆ ಎಂಟು ನಿಮಿಷವೂ ದನಿ ಕದಲದೆ ನಿಂತಿತು. ಆ ಕತ್ತರಿಸಿದ ಜಾಗವನ್ನು ಮೂಲದಲ್ಲಿ ಹುಡುಕಿದೆ. ಒಂಬತ್ತು ಸೆಕೆಂಡು ಇದೆ, ಅಜ್ಜಿ ಸೆರಗಿನ ತುದಿಯಿಂದ ಕತ್ತಿಯನ್ನು ಒರೆಸಿ ಮತ್ತೆ ಸುಲಿಯಲು ತೊಡಗುತ್ತಾರೆ. ಅದನ್ನು ಮರಳಿ ಸೇರಿಸಿದ್ದೇನೆ, ಕೊಳಲನ್ನು ತೆಗೆದಿದ್ದೇನೆ. ಕ್ಯಾಮೆರಾ ಸದ್ಯಕ್ಕೆ ಬೇಡ, ಮೈಕು ಕೊಳ್ಳುತ್ತೇನೆ.

ಇನ್ನೊಂದು ತೊಡಕು ಉಳಿದಿದೆ. ಅಜ್ಜಿಯ ಮಾತಿನ ಕೆಲವು ಪದಗಳು ಬಯಲುಸೀಮೆಯವರಿಗೆ ತಿಳಿಯುವುದಿಲ್ಲವೆಂದು ಕೆಳಗೆ ಕನ್ನಡದಲ್ಲೇ ಬರಹ ಕೊಡಲು ಹೋದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ, "ಮೆಟ್ಟು" ಎಂಬುದು "ಮೆಟ್‌ಟು" ಎಂದು ಮೂಡುತ್ತಿದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಅರ್ಥವಿಲ್ಲದ ಚಿಹ್ನೆಗಳಾಗುತ್ತಿದೆ.

ಅಕ್ಷರಪ್ರೀತಿ:

ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪಠ್ಯವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ, ಚಿಹ್ನೆಗಳ ಕಾಟ ಅಲ್ಲಿಗೆ ನಿಲ್ಲುತ್ತದೆ. ಒತ್ತಕ್ಷರ ಒಡೆಯುವುದು ತಂತ್ರಾಂಶ ಅಕ್ಷರಗಳನ್ನು ಕೂಡಿಸುವ ಬಗೆಯಿಂದ. ಪ್ರೀಮಿಯರ್ ಎಂಬ ಎಡಿಟಿಂಗ್ ತಂತ್ರಾಂಶ ಬಳಸುವವರು ಆದ್ಯತೆಗಳ ಗ್ರಾಫಿಕ್ಸ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಪಠ್ಯ ಎಂಜಿನ್ ಆರಿಸಿಕೊಂಡರೆ ಸರಿಹೋಗುತ್ತದೆ. ನಿಮ್ಮ ತಂತ್ರಾಂಶದಲ್ಲಿ ಒಡೆಯುತ್ತಲೇ ಇದ್ದರೆ ಇಂಕ್‌ಸ್ಕೇಪ್ ಎಂಬ ಚಿತ್ರ ರಚಿಸುವ ತಂತ್ರಾಂಶದಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಮೇಲಿಡಿ. ಸಾಲುಗಳ ನಡುವೆ ಜಾಗವನ್ನು ಸ್ವಲ್ಪ ಹೆಚ್ಚಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಯೂಟ್ಯೂಬಿಗೆ ಪ್ರತ್ಯೇಕ ಎಸ್‌ಆರ್‌ಟಿ (ಅಡಿಬರಹದ) ಫೈಲಾಗಿ ಕೊಡುವುದಾದರೆ ಯುಟಿಎಫ್-8 ಎಂಬ ಯೂನಿಕೋಡ್ ಬಗೆಯಲ್ಲಿ ಉಳಿಸಿ. ಅಜ್ಜಿಯ ಮಾತನ್ನು ದಯವಿಟ್ಟು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಅವರು "ಅತ್ತೆದು" ಎಂದರೆ ಹಾಗೆಯೇ ಬರೆಯಿರಿ, ತಿಳಿಯದ ಪದಕ್ಕೆ ಮಾತ್ರ ಅರ್ಥವನ್ನು ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಕೊಡಿ.