ಬೈಸೆಕ್ಷುವಲ್ ಎಂಬುದಕ್ಕೆ ‘ದ್ವಿಲಿಂಗಿ’ ಎಂದು ಬರೆಯಬಹುದೇ?

ಪ್ರಶ್ನೆ: ಅನುವಾದಕ, ಧಾರವಾಡ

ಆಪ್ತಸಮಾಲೋಚಕರ ತರಬೇತಿಗೆ ಬೇಕಾದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪತ್ರಿಕೆಗಳ ರೂಢಿಯನ್ನು ಅನುಸರಿಸಿ ಬೈಸೆಕ್ಷುವಲ್ (ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಆಕರ್ಷಣೆಯುಳ್ಳವರು) ಎಂದಿರುವಲ್ಲೆಲ್ಲ ‘ದ್ವಿಲಿಂಗಿ’ ಎಂದು ಬರೆದಿದ್ದೆ. ಕರಡನ್ನು ಓದಿದ ಪದವಿ ವಿದ್ಯಾರ್ಥಿನಿಯೊಬ್ಬಳು ಆ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ‘ಒಂದೇ ದೇಹದಲ್ಲಿ ಎರಡೂ ಅಂಗ ಇರುವವರೇ?’ ಎಂದು ಅಂಚಿನಲ್ಲಿ ಬರೆದು ಮರಳಿಸಿದ್ದಾಳೆ. ಇಂಗ್ಲಿಷಿನಲ್ಲಿ ಈ ಪದದ ಅರ್ಥ ಹೇಗೆಲ್ಲ ಬದಲಾಗಿದೆ, ಕನ್ನಡದಲ್ಲಿ ಏನೆಂದು ಬರೆಯುವುದು ಸೂಕ್ತ ಎಂಬುದನ್ನು ಬಲ್ಲವರು ತಿಳಿಸಬೇಕು.

ಉತ್ತರ: ಸಸ್ಯಶಾಸ್ತ್ರ ಉಪನ್ಯಾಸಕಿ, ಹಾವೇರಿ

ನಿಮ್ಮ ವಿದ್ಯಾರ್ಥಿನಿ ತಪ್ಪು ಓದಿಲ್ಲ. ಅವಳು ಕಲಿತ ಪಾಠದಲ್ಲಿ ಆ ಪದಕ್ಕೆ ಇರುವುದು ಅದೇ ಅರ್ಥ. ನಾನು ಈ ಪಾಠಕ್ಕೆ ಹೊಲದ ಹತ್ತಿ ಹೂವನ್ನೇ ಒಯ್ಯುತ್ತೇನೆ. ಕೆನೆಬಣ್ಣದ ಎಸಳುಗಳನ್ನು ಬಿಡಿಸಿದರೆ ಕೇಸರಗಳೆಲ್ಲ ಕೂಡಿ ಸಣ್ಣ ಕಂಬದಂತೆ ನಿಂತಿರುತ್ತವೆ, ಅದರ ನಡುವಿನಿಂದಲೇ ಶಲಾಕೆ ಹಾಯ್ದು ತುದಿಯಲ್ಲಿ ಹೊರಗೆ ಕಾಣಿಸುತ್ತದೆ. ಗಂಡು ಭಾಗವೂ ಹೆಣ್ಣು ಭಾಗವೂ ಕೂಡಿರುವ ಈ ಹೂವು ದ್ವಿಲಿಂಗಿ. ಕುಂಬಳಬಳ್ಳಿಯ ಹೂವು ಏಕಲಿಂಗಿ. ಇಂಗ್ಲಿಷಿನ ಬೈಸೆಕ್ಷುವಲ್ ಕೂಡ ಮೊದಲು ಹೇಳುತ್ತಿದ್ದುದು ದೇಹರಚನೆಯನ್ನೇ.

ಉತ್ತರ: ಮನೋವಿಜ್ಞಾನದ ವಿದ್ಯಾರ್ಥಿ, ಗದಗ

ಆಕರ್ಷಣೆ ಎಂಬ ಅರ್ಥ ತಡವಾಗಿ ಬಂದಿತು. ಮನೋವೈದ್ಯ ಕ್ರಾಫ್ಟ್-ಎಬಿಂಗ್ 1886ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥದ 1892ರ ಇಂಗ್ಲಿಷ್ ಅನುವಾದದಲ್ಲಿ ಆ ಬಳಕೆ ಕಾಣಿಸಿಕೊಂಡಿತು. ಫ್ರಾಯ್ಡ್ 1905ರಲ್ಲಿ ಬರೆದಾಗಲೂ ಎರಡು ಅರ್ಥಗಳು ಬೇರ್ಪಟ್ಟಿರಲಿಲ್ಲ. ಪ್ರತಿಯೊಬ್ಬರಲ್ಲಿಯೂ ಗಂಡು ಹೆಣ್ಣಿನ ಅಂಶಗಳು ಬೆರೆತಿವೆ ಎಂಬ ಮಾತಿನಿಂದಲೇ ಅವರು ಆಕರ್ಷಣೆಯ ವಿಚಾರಕ್ಕೆ ಬರುತ್ತಾರೆ. ನನಗೆ ಹೆಚ್ಚು ಮುಖ್ಯವಾಗಿ ತೋರುವವರು ಆಲ್ಫ್ರೆಡ್ ಕಿನ್ಸಿ. ಕಣಜದ ಹುಳುಗಳನ್ನು ಅಭ್ಯಸಿಸುತ್ತಿದ್ದ ಆ ಪ್ರಾಣಿಶಾಸ್ತ್ರಜ್ಞರು 1948ರಲ್ಲಿ ಜನರನ್ನು ಎರಡು ಗುಂಪುಗಳಾಗಿ ಒಡೆಯದೆ ಬೇರೆ ಲಿಂಗದವರತ್ತ ಮಾತ್ರ ಎಂಬ 0ಯಿಂದ ತಮ್ಮದೇ ಲಿಂಗದವರತ್ತ ಮಾತ್ರ ಎಂಬ 6ರವರೆಗಿನ ಅಳತೆಯ ಮೇಲೆ ಗುರುತಿಸಿದರು. ಆದರೆ ನಡುವಿನವರನ್ನು ಬೈಸೆಕ್ಷುವಲ್ ಎನ್ನುವುದಕ್ಕೆ, ಜೀವಶಾಸ್ತ್ರದಲ್ಲಿ ಆ ಪದ ಎರಡೂ ಅಂಗಗಳುಳ್ಳ ಜೀವಿಯನ್ನು ಸೂಚಿಸುತ್ತದೆಂಬ ಕಾರಣದಿಂದ ಆಕ್ಷೇಪಿಸಿದರು. ನಿಮ್ಮ ಕರಡಿನ ಅಂಚಿನಲ್ಲಿರುವುದು ಅದೇ ಆಕ್ಷೇಪ.

ಉತ್ತರ: ಹುಬ್ಬಳ್ಳಿಯ ಓದುಗಾರ್ತಿ

ನಾನು ಬೈಸೆಕ್ಷುವಲ್ ಮಹಿಳೆ. ನಮ್ಮ ಬಳಗದಲ್ಲಿ ‘ಬೈ’ ಎಂದರೆ ಸಾಕು. ‘ದ್ವಿ’ ತೆಗೆದು ‘ಉಭಯ’ ಇಟ್ಟರೂ ಗಂಡು, ಹೆಣ್ಣು ಎಂಬ ಎರಡರ ಲೆಕ್ಕವೇ ಉಳಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಭಾಗದ ಬೈಸೆಕ್ಷುವಲ್ ಕಾರ್ಯಕರ್ತರು 1990ರಲ್ಲಿಯೇ ತಮ್ಮ ಪ್ರಣಾಳಿಕೆಯಲ್ಲಿ ಲಿಂಗತ್ವಗಳು (ಜೆಂಡರ್, ಅಂದರೆ ಗಂಡು, ಹೆಣ್ಣು ಮೊದಲಾದ ಗುರುತುಗಳು) ಎರಡೇ ಎಂದು ತಿಳಿಯಬಾರದೆಂದು ಹೇಳಿದ್ದರು. ರಾಬಿನ್ ಓಕ್ಸ್ ಎಂಬ ಕಾರ್ಯಕರ್ತೆ ಕೊಟ್ಟ ವಿವರಣೆಯನ್ನು ಇಂದು ಬಹಳ ಜನ ಒಪ್ಪುತ್ತಾರೆ: ಒಂದಕ್ಕಿಂತ ಹೆಚ್ಚು ಲಿಂಗತ್ವದವರತ್ತ ಆಕರ್ಷಣೆ ಇರಬಲ್ಲದು, ಅದು ಒಂದೇ ಕಾಲಕ್ಕೆ, ಒಂದೇ ರೀತಿಯಲ್ಲಿ, ಒಂದೇ ಪ್ರಮಾಣದಲ್ಲಿ ಇರಬೇಕಾಗಿಲ್ಲ. ಈ ಕೊನೆಯ ಮಾತನ್ನು ದಯವಿಟ್ಟು ಕೈಪಿಡಿಯಿಂದ ಬಿಡಬೇಡಿ. ನಾನು ಗಂಡಸನ್ನು ಮದುವೆಯಾಗಿ ಒಂಬತ್ತು ವರ್ಷವಾಯಿತು. ಆಪ್ತಸಮಾಲೋಚಕಿಯೊಬ್ಬರು ‘ಹಾಗಾದರೆ ಈಗ ಅದು ಮುಗಿಯಿತಲ್ಲ’ ಎಂದು, ಫಾರ್ಮಿನಲ್ಲಿ ನಾನೇ ಬರೆದಿದ್ದ ಪದದ ಮೇಲೆ ನನ್ನ ಕಣ್ಣೆದುರಿಗೇ ಗೀಟು ಹಾಕಿದರು. ಯಾರೊಡನೆ ಬಾಳುತ್ತೇನೆ ಎಂಬುದರಿಂದ ನಾನು ಯಾರು ಎಂಬುದು ಅಳಿಸಿಹೋಗುವುದಿಲ್ಲ. ಅವರು ಎಳೆದ ಆ ಗೀಟು ನನ್ನನ್ನು ಬಹಳ ದಿನ ನೋಯಿಸಿತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕೈಪಿಡಿಯಲ್ಲಿ ‘ಬೈಸೆಕ್ಷುವಲ್’ ಎಂದೇ ಇರಿಸಿ, ಮೊದಲ ಬಾರಿ ಬಂದಲ್ಲಿ ಹುಬ್ಬಳ್ಳಿಯವರು ಹೇಳಿದ ವಿವರಣೆಯನ್ನು ಪೂರ್ತಿಯಾಗಿ ಕೊಡುತ್ತೇನೆ. ಮದುವೆಯ ಬಗೆಗೂ ಒಂದು ಸಾಲು ಸೇರಿಸುತ್ತೇನೆ. ‘ಲಿಂಗತ್ವ’ ಎಂಬ ಪದ ಓದುವವರಿಗೆ ಸುಲಭವಾಗಿ ತಿಳಿಯುತ್ತದೆಯೇ ಎಂಬ ಅನುಮಾನ ಉಳಿದಿದೆ. ತಿದ್ದಿದ ಪುಟವನ್ನು ಸೋಮವಾರ ಅದೇ ವಿದ್ಯಾರ್ಥಿನಿಗೆ ಕೊಡುತ್ತೇನೆ.