ಪಿಆರ್‌ಕೆ ಆಗಿ ಐದನೇ ದಿನ: ಲೆನ್ಸ್ ತೆಗೆದ ಮೇಲೆ ಮೊದಲಿಗಿಂತ ಮಂಜು, ಯಾಕೆ?

ಪ್ರಶ್ನೆ (ಕೋತ್ರೂಡ್, ಪುಣೆ)

ತಮ್ಮನಿಗೆ 26 ವರ್ಷ. ಎರಡೂ ಕಣ್ಣಿಗೆ ಮೈನಸ್ 4.25 ಇತ್ತು. ಕಣ್ಣಿನ ಮುಂದಿನ ಪಾರದರ್ಶಕ ಪರೆ, ಅಂದರೆ ಕಾರ್ನಿಯಾ, ತೆಳು (498 ಮೈಕ್ರಾನ್) ಅಂತ ಲೇಸಿಕ್ ಬಿಟ್ಟು, ಕನ್ನಡಕದ ನಂಬರ್ ಇಳಿಸುವ ಇನ್ನೊಂದು ಲೇಸರ್ ಆಪರೇಷನ್ ಪಿಆರ್‌ಕೆ ಮಾಡಿದ್ದಾರೆ. ಐದನೇ ದಿನ, ಅಂದರೆ ನಿನ್ನೆ, ಗಾಯದ ಮೇಲೆ ಇಟ್ಟಿದ್ದ ಬ್ಯಾಂಡೇಜ್ ಲೆನ್ಸ್ ತೆಗೆದು ಗಾಯ ಮುಚ್ಚಿದೆ ಅಂದರು. ನೋವಿಲ್ಲ, ನೀರು ಸುರಿಯೋದೂ ನಿಂತಿದೆ. ಆದರೆ ಎರಡನೇ ದಿನ ಕಿಟಕಿಯಿಂದಲೇ ಓದುತ್ತಿದ್ದ ಬಸ್ ನಂಬರಿಗೆ ಇವತ್ತು ಪಕ್ಕದಲ್ಲೊಂದು ನೆರಳು. ಗಾಯ ಮುಚ್ಚಿದ ಮೇಲೆ ದೃಷ್ಟಿ ಕೆಡೋದು ಹೇಗೆ? ಫ್ಲೋರೊಮೆಥಲೋನ್ ಅನ್ನೋ ಸ್ಟೀರಾಯ್ಡ್ ಹನಿ ಮೂರು ತಿಂಗಳಿಗೆ ಬರೆದಿದ್ದಾರೆ. ಚೆನ್ನಾಗಿ ಕಾಣೋಕೆ ಶುರುವಾದರೆ ಮೊದಲೇ ನಿಲ್ಲಿಸಬಹುದಾ? ದಿನಾ ಹಿಂಜೆವಾಡಿಗೆ ಬೈಕ್ ಓಡಿಸ್ತಾನೆ. ಮೂರು ವಾರದ ಮೇಲೆ ಗೋವಾಕ್ಕೆ ಟಿಕೆಟ್ ಆಗಿದೆ. ತಿಳಿದವರು ಹೇಳ್ರಿ.

ಉತ್ತರ 1 (ಆಪ್ಟೊಮೆಟ್ರಿಸ್ಟ್, ಮಾಟುಂಗಾ)

ಗಾಯ ಮುಚ್ಚೋದು ಬೇರೆ, ನುಣುಪಾಗೋದು ಬೇರೆ. ಪಿಆರ್‌ಕೆಯಲ್ಲಿ ಕಾರ್ನಿಯಾದ ಮೇಲುಪದರವಾದ ಎಪಿಥೀಲಿಯಂ, ಸುಮಾರು 50 ಮೈಕ್ರಾನ್, ಪೂರ್ತಿ ತೆಗೆದು ಅದರ ಕೆಳಗೆ ಲೇಸರ್ ಹಾಯಿಸ್ತಾರೆ. 6 ಮಿ.ಮೀ. ವಲಯ ಹಿಡಿದರೆ ಒಂದು ನಂಬರಿಗೆ ಹೆಚ್ಚುಕಡಿಮೆ 12 ಮೈಕ್ರಾನ್, ನಿಮ್ಮ ತಮ್ಮನಿಗೆ 51ರ ಆಸುಪಾಸು. ಲೇಸರ್ ತೆಗೆದದ್ದು ತಿರುಗಿ ಬರೋದಿಲ್ಲ, ಮೇಲುಪದರ ಬರುತ್ತೆ. ಅದು ಸುತ್ತಲಿನ ಅಂಚಿನಿಂದ ಒಳಮುಖವಾಗಿ ಜಾರಿಕೊಂಡು ಬಂದು ಮೂರನೇ ನಾಲ್ಕನೇ ದಿನಕ್ಕೆ ನಡುವೆ ಕೂಡುತ್ತೆ. ಕೂಡುವ ಜಾಗದಲ್ಲಿ ಬಟ್ಟೆಯ ಹೊಲಿಗೆಯ ಹಾಗೆ ಒಂದು ದಿಣ್ಣೆಗೆರೆ ಏಳುತ್ತೆ, ಅದೂ ಪಾಪೆಯ ಎದುರಿಗೇ. ಎರಡನೇ ದಿನ ಆ ಗೆರೆ ಇನ್ನೂ ನಡುವಿಗೆ ಬಂದಿರಲಿಲ್ಲ. ಜೊತೆಗೆ ಬ್ಯಾಂಡೇಜ್ ಲೆನ್ಸ್ ಮೇಲೆ ನುಣುಪಾದ ಹೊದಿಕೆ ಕೊಟ್ಟಿತ್ತು. ಈಗ ಅದೂ ಇಲ್ಲ.

ಒಂದು ಕಣ್ಣು ಮುಚ್ಚಿಸಿ ನೋಡಿಸಿ. ಒಂದೇ ಕಣ್ಣಲ್ಲಿ ನೋಡಿದಾಗಲೂ ನೆರಳಿದ್ದು, ರೆಪ್ಪೆ ಬಡಿದಾಗ ಅಥವಾ ಕೃತಕ ಕಣ್ಣೀರಿನ ಹನಿ ಹಾಕಿದಾಗ ಸ್ವಲ್ಪ ಹೊತ್ತು ತಿಳಿಯಾದರೆ ಅದು ಮೇಲ್ಮೈಯ ಒರಟು. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ದಿನದ ಕೆಲಸಕ್ಕೆ ಸಾಕಾಗುವಷ್ಟು ಕಾಣುತ್ತೆ, ಅಕ್ಷರದ ಅಂಚು ಚೂಪಾಗೋಕೆ ಒಂದರಿಂದ ಮೂರು ತಿಂಗಳು. ಈ ವಾರ ಕಂಪ್ಯೂಟರ್ ಮಷಿನ್ನಿನಲ್ಲಿ ನಂಬರ್ ತೆಗೆಸಿ ಗಾಬರಿಯಾಗಬೇಡಿ, ಒರಟು ಮೇಲ್ಮೈ ಮೇಲೆ ಅದು ಕೊಡುವ ಲೆಕ್ಕಕ್ಕೆ ಅರ್ಥವಿಲ್ಲ.

ಉತ್ತರ 2 (ಕಣ್ಣಿನ ವೈದ್ಯೆ, ಡೊಂಬಿವಲಿ)

ಮೇಲಿನದು ಸರಿಯಾಗಿದೆ. ನನಗೆ ಕಳವಳ ತರೋದು ನಿಮ್ಮ ಎರಡನೇ ಪ್ರಶ್ನೆ. ಹನಿ ನೀವಾಗಿಯೇ ನಿಲ್ಲಿಸಬೇಡಿ.

ಲೇಸರ್ ಬಿದ್ದ ಜಾಗದ ಕೆಳಗೆ ಕೆರಾಟೊಸೈಟ್ ಜೀವಕೋಶಗಳು ಸಾಯ್ತವೆ. ಅಕ್ಕಪಕ್ಕದವು ಎಚ್ಚೆತ್ತು ದುರಸ್ತಿಗೆ ಬರ್ತವೆ. ದುರಸ್ತಿ ಅತಿಯಾದರೆ ಅವು ಹಾಕುವ ಕೊಲಾಜನ್ ಅಡ್ಡಾದಿಡ್ಡಿಯಾಗಿ ಕೂತು ಬೆಳಕು ಚದುರುತ್ತೆ. ಇದೇ ಹೇಜ್. ಇದು ಮೊದಲ ವಾರ ಕಾಣೋದೇ ಇಲ್ಲ, ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ತಲೆ ಎತ್ತುತ್ತೆ. ಅಂದರೆ ಚೆನ್ನಾಗಿ ಕಾಣ್ತಿದೆ, ಇನ್ನು ಹನಿ ಯಾಕೆ ಅನ್ನಿಸುವ ಹೊತ್ತಿಗೇ. ಸ್ಟೀರಾಯ್ಡ್ ಹನಿ ಆ ಅತಿಯನ್ನು ತಡೆಯೋಕೆ. ನಾಲ್ಕು ಸಲ, ಮೂರು, ಎರಡು, ಒಂದು ಅಂತ ಇಳಿಸುತ್ತಾ ಹೋಗೋದು ರೂಢಿ. ಯಾವಾಗ ಎಷ್ಟು ಅನ್ನೋದು ಸರ್ಜನ್ ಬರೆದ ಚೀಟಿಯಂತೆಯೇ ಇರಲಿ. ಡಿಸ್ಚಾರ್ಜ್ ಕಾಗದದಲ್ಲಿ ಮೈಟೊಮೈಸಿನ್ 0.02% ಅಂತ ಇದೆಯಾ ನೋಡಿ. ಅದೂ ಹೇಜ್ ತಡೆಯೋಕೇ ಹಾಕೋದು, ಆದರೆ ಹಾಕಿದ್ದಾರೆ ಅಂತ ಹನಿ ಬಿಡುವ ಹಾಗಿಲ್ಲ.

ಸ್ಟೀರಾಯ್ಡಿನಿಂದ ಕಣ್ಣಿನ ಒತ್ತಡ ಕೆಲವರಿಗೆ ಏರುತ್ತೆ, ಅದಕ್ಕೇ ಕರೆದ ದಿನ ತಪ್ಪದೆ ಹೋಗಬೇಕು. ಕಾರ್ನಿಯಾ ತೆಳುವಾದ ಮೇಲೆ ಯಂತ್ರ ಒತ್ತಡವನ್ನು ನಿಜಕ್ಕಿಂತ ಕಡಿಮೆ ತೋರಿಸುತ್ತೆ. ಮುಂದೆ ಯಾವ ಕಣ್ಣಿನ ಡಾಕ್ಟರ ಹತ್ತಿರ ಹೋದರೂ ಪಿಆರ್‌ಕೆ ಆಗಿದೆ ಅಂತ ಮೊದಲೇ ಹೇಳಲಿ, ಹಳೆಯ ರಿಪೋರ್ಟು ಎಸೆಯಬೇಡಿ. ಮೆಡಿಕಲ್ ಅಂಗಡಿಯವರು ಇದಿಲ್ಲ, ಅದು ತಗೊಳ್ಳಿ ಅಂತ ಡೆಕ್ಸಾಮೆಥಸೋನ್ ಅನ್ನೋ ಬೇರೆ ಸ್ಟೀರಾಯ್ಡ್ ಕೊಟ್ಟರೆ ಬೇಡ ಅನ್ನಿ, ಅದು ಒತ್ತಡ ಏರಿಸೋದರಲ್ಲಿ ಹೆಚ್ಚು ಬಿರುಸು. ಮರಗಟ್ಟಿಸುವ ಹನಿಯಂತೂ ಮನೆಗೆ ಬರಲೇಬಾರದು, ಅದನ್ನು ಪದೇಪದೇ ಹಾಕಿದರೆ ಮೇಲುಪದರ ಬೆಳೆಯೋದೇ ನಿಲ್ಲುತ್ತೆ.

ಹಾಕುವಾಗ ಕೆಳರೆಪ್ಪೆ ಎಳೆದು ಚೀಲದಂತೆ ಮಾಡಿ ಒಂದೇ ಹನಿ, ಬಾಟಲಿ ಮೂತಿ ರೆಪ್ಪೆಗೂದಲಿಗೆ ತಾಗಬಾರದು. ಆಮೇಲೆ ಮೂಗಿನ ಪಕ್ಕದ ಮೂಲೆ ಒಂದು ನಿಮಿಷ ಒತ್ತಿ ಹಿಡಿಯಲಿ. ಎರಡು ಬೇರೆ ಬೇರೆ ಔಷಧಿಯ ಹನಿಗಳ ನಡುವೆ ಐದು ನಿಮಿಷ.

ಉತ್ತರ 3 (ಮಡಗಾಂವ್)

ಗೋವಾ ಟಿಕೆಟ್ ರದ್ದು ಮಾಡಬೇಕಿಲ್ಲ. ಆದರೆ ಇಲ್ಲಿನ ಬಿಸಿಲು ಮೇಲಿನಿಂದ ಮಾತ್ರ ಬರೋದಿಲ್ಲ, ಮರಳಿಂದ, ನೀರಿಂದ ಎರಚುತ್ತೆ. ನೇರಳಾತೀತ ಕಿರಣ ಬಿದ್ದಷ್ಟೂ ಹೇಜ್ ಭಯ ಹೆಚ್ಚು. ಯುವಿ 400 ಇರುವ, ಪಕ್ಕದಿಂದಲೂ ಮುಚ್ಚುವ ಕಪ್ಪು ಕನ್ನಡಕ, ಅಗಲ ಅಂಚಿನ ಟೋಪಿ ಬೇಕು. ಬರೀ ಕಪ್ಪು ಬಣ್ಣದ ಅಗ್ಗದ ಗಾಜು ಬೇಡ, ಪಾಪೆ ಹಿಗ್ಗಿ ಕಿರಣ ಇನ್ನೂ ಒಳಗೆ ಹೋಗುತ್ತೆ. ಸಮುದ್ರದಲ್ಲಿ ಮೊಣಕಾಲಿನವರೆಗೆ ಸರಿ. ತಲೆ ಮುಳುಗಿಸೋದಕ್ಕೆ ಸರ್ಜನ್ ಒಪ್ಪಿಗೆ ಬೇಕು.

ಬೈಕಿಗೆ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಗಾಜು ಇಳಿಸಿಕೊಂಡೇ, ಅದೂ ದೃಷ್ಟಿ ಪರೀಕ್ಷಿಸಿ ಓಡಿಸಬಹುದು ಅಂದ ಮೇಲೆ. ಲೇಸಿಕ್ ಆದವರಿಗಿರುವ ಫ್ಲ್ಯಾಪ್ (ಕಾರ್ನಿಯಾದಲ್ಲಿ ಕತ್ತರಿಸಿ ಎತ್ತಿ ಮತ್ತೆ ಮುಚ್ಚಿದ ಪದರ) ಸರಿಯುವ ಭಯ ಇವನಿಗಿಲ್ಲ, ಅಷ್ಟು ನೆಮ್ಮದಿ. ಆದರೂ ಕಣ್ಣು ಉಜ್ಜಬಾರದು.

ಪ್ರಶ್ನೆ ಕೇಳಿದವರು

ಒಂದೊಂದೇ ಕಣ್ಣು ಮುಚ್ಚಿಸಿ ನೋಡಿದೆ. ಎರಡರಲ್ಲೂ ನೆರಳಿದೆ, ರೆಪ್ಪೆ ಬಡಿದರೆ ಕ್ಷಣ ತಿಳಿಯಾಗುತ್ತೆ. ಬೆಳಿಗ್ಗೆ ಕಣ್ಣು ಬಿಡುವಾಗ ಮಾತ್ರ ಚುಚ್ಚಿದಂತೆ ಅಂತಾನೆ.

ಉತ್ತರ 2

ಹೊಸ ಪದರ ಕೆಳಗಿನದಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳೋಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ರಾತ್ರಿ ಕಣ್ಣೀರು ಕಡಿಮೆ, ರೆಪ್ಪೆ ಅಂಟಿಕೊಳ್ಳುತ್ತೆ, ದಡಕ್ಕನೆ ಬಿಟ್ಟರೆ ಆ ಪದರ ಕಿತ್ತು ಬರಬಹುದು. ಮಲಗುವಾಗ ಜೆಲ್ ಹಾಕಬಹುದಾ ಅಂತ ಸರ್ಜನ್ ಹತ್ತಿರ ಕೇಳಿ. ಬೆಳಿಗ್ಗೆ ಕಣ್ಣು ಮುಚ್ಚಿದಂತೆಯೇ ಒಳಮೂಲೆಗೆ ಕಣ್ಣೀರಿನ ಹನಿ ಬಿಟ್ಟು, ಅರ್ಧ ನಿಮಿಷ ಕಾದು, ನಿಧಾನ ತೆರೆಯಲಿ. ಫ್ಯಾನು, ಏಸಿ ಗಾಳಿ ನೇರ ಮುಖಕ್ಕೆ ಬೇಡ. ಚುಚ್ಚು ಕೆಲವು ನಿಮಿಷದಲ್ಲಿ ಹೋಗದೆ ನೋವು ಏರುತ್ತಾ ಹೋದರೆ, ಕೆಂಪು ಹೆಚ್ಚಿದರೆ, ಕೀವು ಬಂದರೆ, ಕಪ್ಪುಗುಡ್ಡೆ ಮೇಲೆ ಬಿಳಿ ಚುಕ್ಕೆ ಕಂಡರೆ ಫೋನಿನಲ್ಲಿ ಕೇಳುತ್ತಾ ಕೂರಬೇಡಿ. ಸೋಂಕು ಇರಬಹುದು, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.